ಪೆನಾಂಗ್ ಪತ್ರಿಕೆಯ ಕಳವು

ರಾತ್ರಿ ಗಸ್ತಿನ ಪುಸ್ತಕಕ್ಕೆ ಸಹಿ ಹಾಕುತ್ತ ಪಿಎಸ್‌ಐ ಚೈತ್ರ ಅರ್ಧ ಪುಟ ಮುಗಿಸಿದ್ದಳು. ಎಡಗೈಯಲ್ಲಿ ಇಡ್ಲಿಯ ಕೊನೆಯ ತುಂಡು ಹಾಗೇ ಇತ್ತು. ಹಾಲ್ಕುರಿಕೆಯ ಕೊಬ್ಬರಿ ವ್ಯಾಪಾರಿ ಮಹಾಂತೇಶ್ ಒದ್ದೆ ಛತ್ರಿ ಹಿಡಿದೇ ಒಳಗೆ ಬಂದರು.

"ಮೇಡಂ, ನಮ್ಮ ಮುತ್ತಜ್ಜನ ಪತ್ರಿಕೆ ಹೋಯ್ತು."

"ಕೂತ್ಕೊಳಿ. ಯಾವ ಪತ್ರಿಕೆ?"

ಅಂದು ಆಗಸ್ಟ್ 11, ಬೆಳಿಗ್ಗೆ ಒಂಬತ್ತು. ಮಹಾಂತೇಶ್ ಕೂತು ಹೇಳತೊಡಗಿದರು. ಮುತ್ತಜ್ಜ ಮರುಳಸಿದ್ದಯ್ಯ ಬ್ರಿಟಿಷರ ಕಾಲದಲ್ಲಿ ಪೆನಾಂಗಿನ ಕೊಬ್ಬರಿ ಮಂಡಿಗೆ ಗುಮಾಸ್ತರಾಗಿ ಹೋಗಿದ್ದರು. ಅಲ್ಲಿ ಸೇರಿದ್ದ ನಮ್ಮ ಕಡೆಯವರಿಗಾಗಿ 'ಕಡಲಾಚೆಯ ದನಿ' ಎಂಬ ಮಾಸಪತ್ರಿಕೆ ಹೊರಡಿಸಿದರು. ಕೈಬರಹದ್ದು, ಸ್ಟೆನ್ಸಿಲ್‌ನಲ್ಲಿ ಪ್ರತಿ ತೆಗೆದದ್ದು. ಸ್ವಾತಂತ್ರ್ಯ ಬೇಕೆಂದು ಬರೆದದ್ದಕ್ಕೆ ಅಲ್ಲಿಯ ಸರ್ಕಾರ ಅವರನ್ನು ಜೈಲಿಗೆ ಹಾಕಿತು. ಆ ಸಂಚಿಕೆಗಳೆಲ್ಲ ಊರಿನ ಸಮುದಾಯ ಭವನದ ಗಾಜಿನ ಬೀರುವಿನಲ್ಲಿದ್ದವು. ಆ ಬೀರುವಿಗೂ ಪಕ್ಕದ ಗೋಡೆಯ ಹೆಸರುಗಲ್ಲಿಗೂ ಹದಿನೈದಕ್ಕೆ ಉದ್ಘಾಟನೆ.

"ಯಾರ ಮೇಲಾದ್ರೂ ಅನುಮಾನ?"

"ಹಳೇ ಸಾಮಾನು ಕೊಳ್ಳೋನೊಬ್ಬ ಬಂದು ಫೋಟೋ ಹೊಡ್ಕೊಂಡು ಹೋಗಿದ್ದ. ಅವನೇ ಕಣ್ರೀ."

FIR ದಾಖಲಾಯಿತು. ಮಧ್ಯಾಹ್ನ ಸ್ಥಳ ಪಂಚನಾಮೆ. ಗಾಜು ಒಡೆದಿಲ್ಲ, ಬೀಗ ಮುರಿದಿಲ್ಲ. ಬೀಗದ ಕೈ ಮಹಾಂತೇಶ್ ಮನೆಯ ನಡುಮನೆಯಲ್ಲಿ ಮೊಳೆಗೆ ನೇತಾಡುತ್ತಿತ್ತು. ಹಳೇ ಸಾಮಾನಿನವನನ್ನು ಠಾಣೆಗೆ ಕರೆಸಿದರು.

"ಹಳೇ ರೇಡಿಯೋ ಆಗಿದ್ರೆ ಎತ್ಕೊಂಡು ಓಡ್ತಿದ್ದೆ ಮೇಡಂ. ಕಾಗದ ಯಾವನಿಗೆ ಬೇಕು?" ಎಂದ. ಪತ್ರಿಕೆ ಕಾಣೆಯಾದ ದಿನಗಳಲ್ಲಿ ಅವನು ಅರಸೀಕೆರೆಯ ಮದುವೆಮನೆಯಲ್ಲಿದ್ದದ್ದು ನಿಜವೆಂದು ಹೆಡ್ ಕಾನ್‌ಸ್ಟೆಬಲ್ ಬಸವರಾಜು ವಿಚಾರಿಸಿ ತಿಳಿದುಕೊಂಡ.

ಮಾರನೆಯ ದಿನ ಚೈತ್ರ, ಬಸವರಾಜು ಇಬ್ಬರೂ ಮನೆಮನೆ ವಿಚಾರಣೆಗೆ ಹೊರಟರು. ಸೋನೆ ಹಿಡಿದಿತ್ತು. ಕೊಬ್ಬರಿಯಾಗಲೆಂದು ವರ್ಷದುದ್ದಕ್ಕೂ ಅಟ್ಟದ ಮೇಲಿಡುವ ಕಾಯಿಗೆ ಥಂಡಿ ತಾಗದಂತೆ ಎಲ್ಲರೂ ಕೆಳಗೆ ಮಟ್ಟೆಯ ಹೊಗೆ ಹಾಕಿದ್ದರು. ಹೆಂಚಿನ ಸಂದಿಗಳಿಂದ ಅದು ಹೊರಬರುತ್ತಿತ್ತು. ತುರುವೇಕೆರೆ ಕಡೆಯ ತೋಟದ ಮನೆಯಲ್ಲಿ ಬೆಳೆದ ಚೈತ್ರಳಿಗೆ ಆ ವಾಸನೆ ಹೊಸದಲ್ಲ. ಒಂದು ಮನೆಯ ಹೆಂಚು ಮಾತ್ರ ಹೊಗೆಯಿಲ್ಲದೆ ನೆನೆಯುತ್ತಿತ್ತು. ಅದು ಮಹಾಂತೇಶ್ ಅವರ ಸೋದರತ್ತೆ ಮೀನಾಕ್ಷಮ್ಮನ ಮನೆ.

"ಹೊಗೆ ಹಾಕಿಲ್ವಾ ಅಮ್ಮ?"

"ಕಣ್ಣುರಿ."

"ಕಾಯಿ ಬೂಷ್ಟು ಹಿಡಿಯಲ್ವಾ?"

"ಹಿಡೀಲಿ ಬುಡವ್ವ. ನನ್ ಕಾಯಿ."

ಬಸವರಾಜು ನಕ್ಕ. "ನಮ್ಮವ್ವ ಕಣ್ಣು ಹೋದ್ರೂ ಹೊಗೆ ಬಿಡ್ತಿರ್ಲಿಲ್ಲ ಕಣಮ್ಮ."

ಚೈತ್ರ ನಗಲಿಲ್ಲ. ಒಂದು ವರ್ಷದ ಕಾಯಿ ಹಾಳಾದರೂ ಸರಿಯೆನ್ನುವ ಹೆಂಗಸು ಅಟ್ಟದಲ್ಲಿ ಅದಕ್ಕಿಂತ ದೊಡ್ಡದೇನನ್ನೋ ಇಟ್ಟಿರಬೇಕು, ಹೊಗೆ ತಾಗಬಾರದಂಥದ್ದು.

ಪಂಚರಿಬ್ಬರನ್ನು ಕರೆಸಿ ಏಣಿ ಹಾಕಿಸಿದಳು. ಮೂಲೆಯ ಕಾಯಿರಾಶಿಯ ಕೆಳಗೆ, ರೇಷ್ಮೆ ಸೀರೆಯಲ್ಲಿ ಸುತ್ತಿದ ಕಟ್ಟು ಸಿಕ್ಕಿತು.

"ಬೀಗದ ಕೈ?"

"ದಿನಾ ಅಣ್ಣನ ಮನೆಗೆ ಹೂವು ಕೊಡೋಕೆ ಹೋಗ್ತೀನಲ್ಲ. ಮೊಳೇಲೇ ಇರುತ್ತೆ."

"ಯಾಕೆ ತಗೊಂಡ್ರಿ?"

"ಕಲ್ಲಲ್ಲಿ ಏನ್ ಕೆತ್ಸವ್ನೆ ನೋಡಿದ್ಯಾ? ಸಂಪಾದಕರು ಮರುಳಸಿದ್ದಯ್ಯ ಅಂತ. ತಾತ ಬೀದಿಬೀದಿ ತಿರುಗಿ ಹಂಚಿದ್ರು, ಜೈಲಿಗೂ ಹೋದ್ರು, ಇಲ್ಲ ಅನ್ನಲ್ಲ. ಬರೆದೋರು ನಮ್ಮಜ್ಜಿ ಸಿದ್ದಕ್ಕ. ರೊಟ್ಟಿ ಮೇಲೂ ಶಾಯಿ ಬೆರಳು ಮೂಡ್ತಿತ್ತಂತೆ, ತಾತ ಸುಮ್ನೆ ತಿನ್ನೋರಂತೆ. ಮಹಾಂತೇಶಂಗೆ ಹೇಳ್ದೆ. 'ಅವರಿಗೆ ಓದೆಲ್ಲಿ ಬತ್ತಿತ್ತು, ಸುಮ್ನಿರತ್ತೆ' ಅಂದ. ಕಲ್ಲು ತಿದ್ದಿಸಿದ್ರೆ ಕೊಡಾನ ಅಂತಿದ್ದೆ."

ಚೈತ್ರ ಕಟ್ಟು ಬಿಚ್ಚಿದಳು. ಮೊದಲ ಸಂಚಿಕೆಯಿಂದ ಕೊನೆಯದರವರೆಗೂ ಒಂದೇ ಕೈ, ಎಡಕ್ಕೆ ವಾಲಿದ ಅಕ್ಷರ. ನಡುವಿನ ಒಂದು ಸಂಚಿಕೆಯ ಮೇಲ್ಭಾಗದಲ್ಲಿ ಅದೇ ಅಕ್ಷರದಲ್ಲಿ ಹೀಗಿತ್ತು: 'ಮರುಳಸಿದ್ದಯ್ಯನವರನ್ನು ಸರ್ಕಾರ ಹಿಡಿದಿದೆ. ಪತ್ರಿಕೆ ಬರುತ್ತದೆ.' ಅದಾದ ಮೇಲೂ ಎಂಟು ತಿಂಗಳು ಒಂದೂ ತಪ್ಪಿರಲಿಲ್ಲ. ಅವಳು ಆ ಎರಡು ಸಾಲನ್ನು ಇನ್ನೊಮ್ಮೆ ಓದಿದಳು.

"ಆದ್ರೂ ಕಳವು ಕಳವೇ ಅಮ್ಮ."

"ಗೊತ್ತವ್ವ. ನಮ್ಮಜ್ಜಿ ಪೊಲೀಸ್ರಿಗೆ ಹೆದರಿದೋಳಲ್ಲ. ತಡಿ, ಒಳ್ಳೇ ಸೀರೆ ಉಟ್ಕೊಂಡು ಬತ್ತೀನಿ."

ಮಧ್ಯಾಹ್ನ 3.40ಕ್ಕೆ ಬಂಧನ. ಬೀಗರ ಮನೆಗೆ ಹೊರಟವರಂತೆ ಮೀನಾಕ್ಷಮ್ಮ ಜೀಪಿನಲ್ಲಿ ನೆಟ್ಟಗೆ ಕುಳಿತರು. ಬೀದಿಯವರು ನೋಡಿದರೂ ಸೆರಗು ಮುಖಕ್ಕೆ ಎಳೆದುಕೊಳ್ಳಲಿಲ್ಲ.

ಸಂಜೆ ಮಹಾಂತೇಶ್ ಠಾಣೆಗೆ ಬಂದರು. ಮುಖ ಇಳಿದಿತ್ತು.

"ಅತ್ತೆ ಹಿಂಗ್ ಮಾಡ್ತಾರೆ ಅಂತ ಯಾರ್ ಅನ್ಕೊಂಡಿದ್ರು? ಜಾಮೀನಿಗೆ ವಕೀಲರನ್ನ ಮಾತಾಡಿದ್ದೀನಿ. ಪತ್ರಿಕೆ?"

"ಕೋರ್ಟಿಂದ ಬಿಡಿಸ್ಕೋಬೇಕು. ಅಲ್ಲೀವರೆಗೆ ಜೆರಾಕ್ಸ್ ಇಡಿ."

"ಹದಿನೈದಕ್ಕೆ ನೀವೇ ಬಂದು ನಮ್ಮ ಮುತ್ತಜ್ಜನ ಬಗ್ಗೆ ಎರಡು ಮಾತು ಆಡ್ಬೇಕು ಮೇಡಂ."

"ಬರ್ತೀನಿ."

ಅವರು ಹೋದ ಮೇಲೆ ಮುದ್ದೆಮಾಲಾದ ಪತ್ರಿಕೆಗಳನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತುವ ಮುನ್ನ ಚೈತ್ರ ನಡುವಿನ ಆ ಸಂಚಿಕೆಯನ್ನು ಮತ್ತೆ ತೆರೆದು, ಎರಡು ಸಾಲನ್ನು ಚೀಟಿಗೆ ಇಳಿಸಿಕೊಂಡಳು. ಮೈಕಿನ ಮುಂದೆ ಇವನ್ನೇ ಓದುವುದು. ಬರೆದವಳ ಹೆಸರನ್ನು ಊರೆಲ್ಲ ಕೇಳುವಂತೆ ಹೇಳುವುದು.

"ಏನ್ ಬರ್ಕೊಂಡ್ರಿ ಮೇಡಂ?" ಬಸವರಾಜು ಕೇಳಿದ.

"ಏನಿಲ್ಲ. ಅರಗು ಕೊಡಿ."