ಜುಂಜನ ಜೋಳಿಗೆ ತುಂಬಿದ ಕತೆ

ಆನೆಗೂ ಇರುವೆಗೂ ಮಾತು ಬರುತ್ತಿದ್ದ ಕಾಲ ಅದು. ನೀಲಗುಡ್ಡ ಅಂತ ಒಂದು ರಾಜ್ಯ. ಆ ರಾಜ್ಯದ ತುದಿಗೆ ಉಣ್ಣೆಹಟ್ಟಿ ಅಂತ ಒಂದು ಊರು. ಊರ ತುಂಬ ಕುರಿ ಕಾಯುವವರು, ಕಂಬಳಿ ನೇಯುವವರು. ಅರಮನೆಯಲ್ಲಿ ರೇಷ್ಮೆ ಎಷ್ಟಾದರೂ ಇರಲಿ, ಚಳಿ ಬಿದ್ದರೆ ರಾಜನೂ ಹೊದೆಯುತ್ತಿದ್ದದ್ದು ಉಣ್ಣೆಹಟ್ಟಿಯ ಕರಿಕಂಬಳಿಯನ್ನೇ. ಅಂಥ ಊರು ಅದು!

ಆ ಊರಲ್ಲಿ ಜುಂಜ ಅಂತ ಒಬ್ಬ ಹುಡುಗ. ಟಗರಿನ ಕೊಂಬು ಹಿಡಿದನೆಂದರೆ ಟಗರೇ ಮಂಡಿಯೂರಬೇಕು. ಕವಣೆ ಬೀಸಿದನೆಂದರೆ ಹಾರುವ ಹದ್ದು ದಾರಿ ಬದಲಿಸಬೇಕು. ಹಾಗಂತ ಊರವರು ಹೇಳುತ್ತಿರಲಿಲ್ಲ, ಅವನೇ ಹೇಳಿಕೊಳ್ಳುತ್ತಿದ್ದ. ಆದರೂ ಮುಕ್ಕಾಲು ಪಾಲು ನಿಜವೇ. ತಂದೆತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ, ಬೈದು ಬೆಳೆಸಿದವಳು ಅವನ ಅಕ್ಕ, ದ್ಯಾವಕ್ಕ.

ಆಗ ಗುಡ್ಡದಾಚೆ ಬೂದಿಕಂಬಳಿ ಅನ್ನೋ ಮಾಂತ್ರಿಕನೊಬ್ಬನಿದ್ದ. ಮೈತುಂಬ ಬೂದಿಬಣ್ಣದ ಕಂಬಳಿ, ಅದರೊಳಗೆ ಏನಿದೆಯೋ ಕಂಡವರಿಲ್ಲ. ಮಟಮಟ ಮಧ್ಯಾಹ್ನ, ಮನುಷ್ಯರ ನೆರಳು ಕಾಲಡಿಯಲ್ಲಿ ಮುದುರಿಕೊಂಡ ಹೊತ್ತು ನೋಡಿ ಬರುತ್ತಿದ್ದ. ಬಂದು, ಕೆಳಗೆ ಹಾಸಿದ ಚಾಪೆ ಎಳೆದಂತೆ ನೆರಳನ್ನು ಎಳೆದುಕೊಂಡು ಹೋಗುತ್ತಿದ್ದ. ನೆರಳು ಹೋದವರು ದಿನೇ ದಿನೇ ತೆಳ್ಳಗಾಗುತ್ತಿದ್ದರು. ಮೊದಲು ಗಾಜಿನ ಹಾಗೆ, ಆಮೇಲೆ ಹೊಗೆಯ ಹಾಗೆ. ವರ್ಷದ ಮೊದಲ ಮಳೆ ಬಿದ್ದ ದಿನ, ಮನೆಯೊಳಗೆ ಅವಿತುಕೊಂಡರೂ ಸರಿಯೇ, ಕರಗಿ ಇಲ್ಲವಾಗುತ್ತಿದ್ದರು.

ಆ ಬೇಸಿಗೆ ಊರಲ್ಲಿ ಹಲವರ ನೆರಳು ಹೋಯಿತು. ದ್ಯಾವಕ್ಕನದೂ ಹೋಯಿತು.

"ಅಳಬೇಡ್ವೋ," ಅಂದಳು ದ್ಯಾವಕ್ಕ. ಅವಳ ಕೆನ್ನೆಯ ಮೂಲಕ ಹಿಂದಿನ ಗೋಡೆ ಕಾಣುತ್ತಿತ್ತು. "ಅಳೋಕೆ ನಾನಿನ್ನೂ ಸತ್ತಿಲ್ಲ."

"ಅಳ್ತಿರೋರು ಯಾರಕ್ಕ? ಹೋಗ್ತೀನಿ. ಅವನ ಕಂಬಳಿ ಕಿತ್ತು, ನಿನ್ನ ನೆರಳು ತಗೊಂಡು, ಮಳೆಗೆ ಮುಂಚೆ ಬರ್ತೀನಿ. ದಾರೀಲಿ ಯಾವ ಮೃಗ ಅಡ್ಡ ಬಂದರೂ ಅದರ ಗುರುತು ತಂದು ನಮ್ಮ ತೊಲೆಗೆ ತೂಗುಹಾಕ್ತೀನಿ. ಊರೇ ಬಂದು ನೋಡ್ಬೇಕು!"

ಉಣ್ಣೆಹಟ್ಟಿಯಲ್ಲಿ ಅದೊಂದು ಪದ್ಧತಿ. ಬರಿ ಬಾಯಿಮಾತನ್ನು ಯಾರೂ ನಂಬರು. ಹುಲಿ ಹೊಡೆದೆ ಅಂದರೆ ಉಗುರೆಲ್ಲಿ ಅಂತ ಕೇಳುತ್ತಾರೆ. ಗೆದ್ದವನು ಗುರುತು ತಂದು ಮನೆಯ ತೊಲೆಗೆ ಕಟ್ಟಬೇಕು. ತೊಲೆ ಬರಿದಾಗಿದ್ದರೆ ಆ ಮನೆಯ ಗಂಡಸು ಮಾತಾಡುವಾಗ ಜನ ಎದ್ದು ಹೋಗುತ್ತಾರೆ.

"ನೆರಳೊಂದು ತಾರಪ್ಪ ಸಾಕು," ಅಂದಳು ಅಕ್ಕ.

ಊರಿನ ಹಿರಿಯಳು ನೂಲಜ್ಜಿ ಅವನಿಗೊಂದು ಜೋಳಿಗೆ ಕೊಟ್ಟಳು. ಮಾಯದ ಜೋಳಿಗೆ. ಒಳಗೆ ಹನ್ನೆರಡು ಅರೆ. ಒಂದೊಂದು ಅರೆಗೂ ಒಂದೊಂದು ವಸ್ತು, ಅದು ಸಾಸಿವೆಯಾಗಲಿ, ಬಂಡೆಯಾಗಲಿ. ಭಾರವೇ ಇಲ್ಲ.

"ಕೇಳು ಮಗ," ಅಂದಳು ಅಜ್ಜಿ. "ಅರೆ ತುಂಬಿದ್ರೆ ಒಂದನ್ನ ತೆಗೆದೇ ಇನ್ನೊಂದನ್ನ ಹಾಕ್ಬೇಕು. ತೆಗೆದು ಬಿಸಾಡಿದ್ದು ಬಿದ್ದಲ್ಲೇ ಮಣ್ಣಾಗ್ತದೆ. ಮತ್ತೆ ಬೇಕು ಅಂದ್ರೆ ಸಿಗಲ್ಲ. ದಿನಾ ಒಂದ್ಸಲ ಕೂತ್ಕೊಂಡು ಕೈಯಾಡಿಸಿ ನೋಡ್ಕೊ, ಒಳಗೆ ಏನಿದೆ, ಯಾತಕ್ಕಿದೆ ಅಂತ…"

"ನಂಗೊತ್ತು ಬಿಡಜ್ಜಿ! ಚೀಲ ಹೊರೋದನ್ನೂ ಹೇಳ್ಕೊಡ್ಬೇಕಾ?"

ಅಜ್ಜಿ ನಿಟ್ಟುಸಿರು ಬಿಟ್ಟು, ಒಂದು ಹಸಿರು ಹುಳುವನ್ನು ಅವನ ಹೆಬ್ಬೆರಳ ಮೇಲೆ ಕೂರಿಸಿದಳು. ಅದು ತೋರುಹುಳ. ಹುಡುಕುವ ವಸ್ತು ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಮುಖಮಾಡಿ ಮಿಣುಕುತ್ತದೆ. ಊರವರು ಮನೆಗೊಂದರಂತೆ ಏನೇನೋ ತಂದುಕೊಟ್ಟರು. ಒಬ್ಬರು ಖಾರದಪುಡಿ, ಒಬ್ಬರು ಕುರಿಗಂಟೆ, ಒಬ್ಬರು ಹುರಿಹಗ್ಗ, ಇನ್ನೊಬ್ಬರು ಎಳ್ಳುಂಡೆ. ಎಲ್ಲವನ್ನೂ ತುಂಬಿಕೊಂಡು ಜುಂಜ ಹೊರಟ.

ತೋರುಹುಳ ಕಣಿವೆಯ ಕಡೆ ತೋರಿಸಿತು. ಕಣಿವೆಯಲ್ಲಿ ಮೂರು ಬಾಯಿಯ ಕಿರುಬ ಒಂದು ಗವಿಯ ಮುಂದೆ ಮಲಗಿತ್ತು. ಎದ್ದು ನಿಂತರೆ ಗಾಡಿಯಷ್ಟೆತ್ತರ. ಬೇರೆ ಊರಿನವನಾಗಿದ್ದರೆ ಅಲ್ಲೇ ಪಂಚೆ ಒದ್ದೆ ಮಾಡಿಕೊಳ್ಳುತ್ತಿದ್ದ.

"ಮೂರು ಬಾಯಿಗೂ ನೀನೊಬ್ಬನೇನಾ ಊಟ?" ಅಂತು ಕಿರುಬ. "ಸಾಲಲ್ಲ ಕಣೋ."

"ಖಾರ ನೆಂಚಿಕೋ!" ಅಂದ ಜುಂಜ, ಖಾರದಪುಡಿಯನ್ನು ಅದರ ಕಣ್ಣಿಗೆ ಎರಚಿದ. ಕಿರುಬ ಹೊರಳಾಡುವಾಗ ದೊಣ್ಣೆಯಿಂದ ಬಿಗಿದ. ಗೆದ್ದ. ಗುರುತು ಬೇಕಲ್ಲ? ಕೋರೆಹಲ್ಲು ಕಿತ್ತ. ಕೈಯೆಲ್ಲ ರಕ್ತ. ಒರೆಸಿಕೊಳ್ಳಲು ನೋಡಿದರೆ, ಕಿರುಬ ಮಲಗಿದ್ದ ಜಾಗದಲ್ಲಿ ಕಪ್ಪನೆಯದೊಂದು ಹರಕು ಬಟ್ಟೆ. ಹಳೇ ಕಂಬಳಿಯ ತುಂಡಿನ ಹಾಗಿತ್ತು. ಹಿಡಿದರೆ ಕೈಗೆ ಬೆಚ್ಚಗೆ. ಒರೆಸಿಕೊಂಡು, ಬಳಕೆಗೆ ಬರುತ್ತೆ ಅಂತ ಅದನ್ನೂ ಒಂದು ಅರೆಗೆ ತುರುಕಿದ.

ಆಮೇಲೆ ಹೆಬ್ಬೆರಳು ನೋಡಿದ. ತೋರುಹುಳ ಗಿರ್ರನೆ ತಿರುಗಿ ಅವನ ಕಡೆಗೇ ಮುಖ ಮಾಡಿ ಕೂತಿತ್ತು. ಎಡಕ್ಕೆ ತಿರುಗಿದರೂ ಅವನನ್ನೇ, ಬಲಕ್ಕೆ ತಿರುಗಿದರೂ ಅವನನ್ನೇ ನೋಡಿ ಜಗಜಗ ಮಿಣುಕುತ್ತಿತ್ತು.

ಜುಂಜ ಬಿದ್ದು ಬಿದ್ದು ನಕ್ಕ. "ಏನೋ ಹುಳ, ಸುಸ್ತಾಗಿ ಹೋದ್ಯಾ? ಇಂಥ ಗಂಡಸನ್ನ ಕಂಡೇ ಇರ್ಲಿಲ್ವಾ? ನೋಡು ನೋಡು, ಕಣ್ತುಂಬ ನೋಡು!"

ಬೂದಿಕಂಬಳಿಯ ಕೋಟೆಯ ದಾರಿ ಊರಿಗೆಲ್ಲ ಗೊತ್ತಿದ್ದದ್ದೇ. ಹುಳುವಿನ ಹಂಗಿಲ್ಲದೆ ನಡೆದ. ದಾರಿಯಲ್ಲಿ ಹಿಂದೆ ಹೋಗಿ ಸತ್ತ ವೀರರ ಸಾಮಾನು ಬಿದ್ದಿತ್ತು. ಮುರಿದ ಕತ್ತಿ, ತೂತಾದ ಗುರಾಣಿ, ಹಿತ್ತಾಳೆಯ ಶಿರಸ್ತ್ರಾಣ. ಒಂದನ್ನೂ ಬಿಡಲಿಲ್ಲ. ಹೊಳೆಯುವ ಕಲ್ಲು ಕಂಡರೆ ಕಲ್ಲು, ನವಿಲುಗರಿ ಕಂಡರೆ ಗರಿ. ಇಷ್ಟೆಲ್ಲ ತೊಲೆಗೆ ಕಟ್ಟಿದರೆ ತೊಲೆ ಬಾಗಬೇಕು ಅಂದುಕೊಂಡ.

ಕಣಿವೆ ದಾಟಿದರೆ ಜವುಗು. ಅಲ್ಲಿ ಬೆಂಕಿಕೊಂಬಿನ ಕೋಣ. ಉಸಿರಾಡಿದರೆ ಜೊಂಡು ಹತ್ತಿ ಉರಿಯುತ್ತಿತ್ತು. ಜುಂಜ ಕೆಸರಿನಾಚೆ ನಿಂತು ಕುರಿಗಂಟೆ ಅಲ್ಲಾಡಿಸಿ, ಮಂದೆ ಕರೆಯುವ ಹಾಗೆ ಕರೆದ. ಕೋಣವಾದರೇನು, ಎಳೆತನದಲ್ಲಿ ಅದಕ್ಕೂ ಒಬ್ಬ ಕಾಯುವವನಿದ್ದನೇನೋ, ಕಣ್ಣು ಮುಚ್ಚಿಕೊಂಡು ದನಿಯ ಹಿಂದೆ ಬಂತು. ಕೆಸರಿನಲ್ಲಿ ಕುತ್ತಿಗೆವರೆಗೆ ಹೂತುಹೋಯಿತು. ಗೆದ್ದ. ಗುರುತು ಬೇಕಲ್ಲ? ಕೊಂಬು ಮುರಿದುಕೊಂಡ. ಜೋಳಿಗೆಯಲ್ಲಿ ಜಾಗವಿಲ್ಲ. ಎಳ್ಳುಂಡೆ ತೆಗೆದು ಬಿಸಾಡಿದ. ಅದು ಬಿದ್ದಲ್ಲೇ ಮಣ್ಣಾಯಿತು.

ಜವುಗು ದಾಟಿದರೆ ಬೆಟ್ಟದ ಸಂದು. ಅಲ್ಲಿ ಕಬ್ಬಿಣದ ರೆಕ್ಕೆಯ ರಣಹದ್ದು. ಅದು ಎರಗಿದಾಗ ಜುಂಜ ಹುರಿಹಗ್ಗದ ಕುಣಿಕೆ ಎಸೆದು ಕಾಲು ಬಿಗಿದು, ಇನ್ನೊಂದು ತುದಿಯನ್ನು ಬಂಡೆಗೆ ಕಟ್ಟಿದ. ಹದ್ದು ಹಾರಿ ಹಾರಿ ಸೋತು ಬಿತ್ತು. ಗೆದ್ದ. ಗುರುತು ಬೇಕಲ್ಲ? ಆಳುದ್ದದ ಕಬ್ಬಿಣದ ಗರಿ ಕಿತ್ತ. ಮತ್ತೆ ಜಾಗವಿಲ್ಲ.

ಒಂದೊಂದೇ ಅರೆ ತಡವಿದ. ಕೋರೆಹಲ್ಲು ಬೇಕು. ಕೊಂಬು ಬೇಕು. ಶಿರಸ್ತ್ರಾಣ ಬೇಕೇ ಬೇಕು. ಕೊನೆಗೆ ಕೈಗೆ ಬಂದದ್ದು ರಕ್ತ ಒರೆಸಿದ ಆ ಹರಕು. ಎಸೆದ. ಅದು ನೆಲಕ್ಕೆ ಬೀಳಲಿಲ್ಲ, ಕಣಕಾಲಿಗೆ ಸುತ್ತಿಕೊಂಡಿತು. ಒದರಿದ. ಇನ್ನೊಂದು ಕಾಲಿಗೆ ಸುತ್ತಿಕೊಂಡಿತು.

"ಥೂ! ಏನಿದು, ತಾಯಿ ಕಳ್ಕೊಂಡ ಕುರಿಮರಿ ಥರ!" ಅಂತ ಝಾಡಿಸಿ ಒದ್ದ.

ಆಗ ಅದು ಬಿಟ್ಟಿತು. ಬಿದ್ದಲ್ಲೇ ಮಣ್ಣಾಯಿತು. ಸಂದಿನ ಕೆಂಪು ನೆಲದ ಮೇಲೆ ಒಂದು ಕಪ್ಪು ಗುಡ್ಡೆ.

ಜುಂಜ ಮುಂದೆ ನಡೆದ. ಹೆಬ್ಬೆರಳ ಮೇಲಿನ ಹುಳ ಈಗ ಅವನನ್ನು ನೋಡುತ್ತಿರಲಿಲ್ಲ. ಬೆನ್ನ ಹಿಂದಕ್ಕೆ ಮುಖ ಮಾಡಿತ್ತು, ಮಿಣುಕು ಸಣ್ಣಗಾಗಿತ್ತು. "ಲೇ, ಕೋಟೆ ಇರೋದು ಮುಂದೆ!" ಅಂತ ಅದನ್ನು ಗದರಿದ.

ಕೋಟೆಯ ಅಂಗಳದಲ್ಲಿ ಬೂದಿಕಂಬಳಿ ಕೂತಿದ್ದ. ಜುಂಜ ಮುರಿದ ಕತ್ತಿ ಬೀಸಿದ. ಕತ್ತಿ ಗಾಳಿಯಲ್ಲಿ ಹೋದಂತೆ ಹೋಯಿತು. ಕೋರೆಹಲ್ಲಿನಿಂದ ತಿವಿದ, ಕೊಂಬಿನಿಂದ ತಿವಿದ, ಏನೂ ಆಗಲಿಲ್ಲ. ಮಾಂತ್ರಿಕನ ತಣ್ಣನೆ ಕೈ ಅವನ ಕುತ್ತಿಗೆಗೆ ಬಂತು. ಆದರೆ ಉಣ್ಣೆಹಟ್ಟಿಯ ಹುಡುಗನಿಗೆ ಕಂಬಳಿ ಗೊತ್ತಿಲ್ಲವೇ? ಉಸಿರು ಕಟ್ಟುತ್ತಿದ್ದರೂ ಬೆರಳು ಅಂಚನ್ನು ತಡವಿತು. ಎಲ್ಲ ಕಂಬಳಿಗೂ ನೇಕಾರ ಕೊನೆಯ ಎಳೆಯನ್ನು ಗಂಟಿಕ್ಕಿ ಬಿಡುವ ಜಾಗವೊಂದಿರುತ್ತದೆ. ಅದು ಸಿಕ್ಕಿತು. ಹಲ್ಲಿನಲ್ಲಿ ಗಂಟು ಬಿಚ್ಚಿ ಎಳೆದ. ಸಾಲು ಸಾಲೇ ಬಿಚ್ಚಿಕೊಂಡು ಬಂತು. ಕಂಬಳಿಯೊಳಗೆ ಬೂದಿ ಬಿಟ್ಟು ಬೇರೇನೂ ಇರಲಿಲ್ಲ.

"ಎಳಿಯಪ್ಪ ಎಳಿ," ಅಂತ ನಕ್ಕಿತು ಬೂದಿ. "ನಾನು ಯಾರ ನೆರಳನ್ನೂ ಕೋಟೇಲಿ ಇಡೋದಿಲ್ಲ. ಒಂದೊಂದು ಒಂದೊಂದು ಕಡೆ. ಎಲ್ಲ ಈಗ ಮನೆಗೆ ಹೋಗ್ತವೆ. ನಿಮ್ಮಕ್ಕಂದು ಹೋಗಲ್ಲ. ಅದನ್ನ ಕಿರುಬದ ಮೈಕೆಳಗೆ ಹಾಸಿದ್ದೆ. ನಿನ್ನ ಹತ್ರನೇ ಇತ್ತಲ್ಲೋ! ಏನ್ ಮಾಡ್ದೆ?"

ಕೊನೆಯ ಎಳೆ ಬಂತು. ಬೂದಿ ಗಾಳಿಗೆ ಹಾರಿತು. ಬಾವಿಗಳಿಂದ, ಪೊಟರೆಗಳಿಂದ, ಬಂಡೆಗಳ ಸಂದಿನಿಂದ ನೆರಳುಗಳು ಎದ್ದು, ಕಪ್ಪು ಹಕ್ಕಿಗಳ ಹಿಂಡಿನಂತೆ ಉಣ್ಣೆಹಟ್ಟಿಯ ಕಡೆ ಹಾರಿದವು. ಜುಂಜ ತಲೆಯೆತ್ತಿ ಒಂದೊಂದನ್ನೂ ನೋಡಿದ. ಅಕ್ಕನ ನಡಿಗೆ ಯಾವುದಕ್ಕೂ ಇರಲಿಲ್ಲ.

ಓಡಿದ. ಮೋಡ ಕಟ್ಟುತ್ತಿತ್ತು, ಗಾಳಿ ಎದ್ದಿತ್ತು. ಸಂದಿಗೆ ಬಂದರೆ ಕಪ್ಪು ಗುಡ್ಡೆ ಅರ್ಧ ಹಾರಿಹೋಗಿತ್ತು. ತೋರುಹುಳ ಬೆರಳಿನಿಂದ ಇಳಿದು ಆ ಮಣ್ಣಿನ ಮೇಲೆ ಕೂತಿತು. ಜುಂಜ ಕೋರೆಹಲ್ಲು ಎಸೆದ, ಕೊಂಬು ಎಸೆದ, ಗರಿ, ಗುರಾಣಿ, ಶಿರಸ್ತ್ರಾಣ, ಹೊಳೆಯುವ ಕಲ್ಲು, ಎಲ್ಲವನ್ನೂ ಎಸೆದ. ಅವುಗಳ ಮಣ್ಣು ಇದಕ್ಕೆ ಬೆರೆಯದ ಹಾಗೆ ದೂರ ದೂರ ಎಸೆದ. ಗಾಳಿಗೆ ಬೆನ್ನು ಕೊಟ್ಟು ಬಗ್ಗಿ, ಕಪ್ಪು ಮಣ್ಣನ್ನು ಕೆಂಪು ಮಣ್ಣಿನಿಂದ ಉಗುರಿನಲ್ಲಿ ಬಿಡಿಸಿ ಬಿಡಿಸಿ ಜೋಳಿಗೆ ತುಂಬಿದ.

ಅವನು ಹೊಸಿಲು ತುಳಿದಾಗ ಹಂಚಿನ ಮೇಲೆ ಮೊದಲ ಹನಿ ಬಿತ್ತು. ದ್ಯಾವಕ್ಕ ಇದ್ದ ಮೂಲೆಯಲ್ಲಿ ಒಲೆ ಆರಿದ ಮೇಲೆ ಉಳಿಯುವಷ್ಟು ಹೊಗೆ. ಜುಂಜ ಅದರ ಕೆಳಗೆ ಮಣ್ಣು ಹರಡಿದ. ಹೊಗೆ ಇಳಿಯಿತು. ಪಾದ ಕಂಡಿತು, ಸೀರೆ ಕಂಡಿತು, ಮುಖ ಕಂಡಿತು.

"ಏನೋ ಇದು, ಮನೆ ತುಂಬ ಮಣ್ಣು?" ಅಂದಳು ಅಕ್ಕ.

"ಅದು ನಿನ್ನ ನೆರಳಕ್ಕ. ಕೈಯಲ್ಲೇ ಇತ್ತು. ಕಾಲಿಗೆ ಸುತ್ಕೊಂಡಿತು. ನಾನು… ಒದ್ದೆ."

ಅಕ್ಕ ಅವನ ತಲೆಯನ್ನು ಮಡಿಲಿಗೆಳೆದುಕೊಂಡಳು. "ಕತ್ತೆ," ಅಂದಳು. ಅಷ್ಟೇ.

ಆ ಮಣ್ಣು ಒಂದು ಚಾಪೆಯಗಲ ಇತ್ತು. ಅದರ ಮೇಲಿದ್ದರೆ ದ್ಯಾವಕ್ಕ ಎಲ್ಲರಂತೆ ಮನುಷ್ಯಳು. ಉಣ್ಣುವಳು, ನಗುವಳು, ನೂಲುವಳು. ಅದರಾಚೆ ಒಂದು ಹೆಜ್ಜೆ ಇಟ್ಟರೆ ಹೊಗೆ. ರಾಜ್ಯದಲ್ಲಿ ಹಬ್ಬ ನಡೆಯಿತು. ನೆರಳು ಬಂದವರು ಬಿಸಿಲಿಗೆ ನಿಂತು ಕುಣಿದರು. ಜುಂಜನ ತೊಲೆ ಬರಿದೇ ಇತ್ತು. ಮಾಂತ್ರಿಕನನ್ನು ಕೊಂದದ್ದು ಯಾರು ಅಂತ ಜನ ಕೇಳಿದರೆ ಅವನು ಬಾಯಿ ಬಿಡುತ್ತಿರಲಿಲ್ಲ.

ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ದ್ಯಾವಕ್ಕ ಅಂದಳು, "ಕುರಿ ನೋಡ್ಬೇಕು ಕಣೋ. ಗುಡ್ಡಕ್ಕೆ ಕರ್ಕೊಂಡು ಹೋಗು."

"ಮಣ್ಣು ಎತ್ತಿ ಹಾಸಿದಷ್ಟು ಸಲಾನೂ ಕಮ್ಮಿ ಆಗ್ತದಕ್ಕ."

"ಗೊತ್ತು."

"ಚಾಪೆ ಆಮೇಲೆ ಮಣೆ ಆಗ್ತದೆ. ಆಮೇಲೆ…"

"ಗೊತ್ತು ಅಂದ್ನಲ್ಲೋ. ಇಲ್ಲೇ ಕೂತ್ಕೊಂಡು ಗೋಡೆ ನೋಡು ಅಂತೀಯಾ? ಏಳು."

ಜುಂಜ ಮಣ್ಣನ್ನು ಬಳಿದು ಜೋಳಿಗೆಗೆ ತುಂಬಿದ. ಹೊಗೆಯೊಂದು ಅವನ ಹೆಗಲ ಹಿಂದೆ ತೇಲುತ್ತ ಬಂತು. ಗುಡ್ಡದ ನೆತ್ತಿಯಲ್ಲಿ ಗಾಳಿ ಬಡಿಯದ ಬಂಡೆ ಹುಡುಕಿ ಹಾಸಿದ. ಅಕ್ಕ ನಿಂತಳು. ಕೆಳಗೆ ಮಂದೆ ಮೇಯುತ್ತಿತ್ತು. ಅವಳು ಬಾಯಿಗೆ ಕೈಯಿಟ್ಟು ಕೂಗಿದಳು, ಕುರಿಗಳೆಲ್ಲ ಒಟ್ಟಿಗೆ ತಲೆಯೆತ್ತಿದವು.

ಹೀಗೆ ಆ ರಾಜ್ಯದವರೆಲ್ಲ ನೆಮ್ಮದಿಯಾಗಿ ಬಾಳಿದರು. ಬಿಸಿಲಿದ್ದ ದಿನವೆಲ್ಲ ಅಕ್ಕ ತಮ್ಮ ಗುಡ್ಡ ಹತ್ತುತ್ತಿದ್ದರು. ಸಂಜೆ ಜುಂಜ ಬಂಡೆಯ ಮೇಲೆ ಮಂಡಿಯೂರಿ, ಬೆರಳಿಗೆ ಎಂಜಲು ಹಚ್ಚಿ, ಬಂಡೆಯ ಬಿರುಕಿನಿಂದ ಒಂದೊಂದೇ ಕಣ ಒತ್ತಿ ತೆಗೆಯುತ್ತಿದ್ದ.

"ಸಾಕು ಬಾರೋ, ಹೊತ್ತಾಯ್ತು," ಅನ್ನುತ್ತಿದ್ದಳು ದ್ಯಾವಕ್ಕ, ಅವನ ಹೆಗಲ ಹಿಂದಿನ ಹೊಗೆಯೊಳಗಿಂದ.

"ತಡಿಯಕ್ಕ. ಇಲ್ಲೊಂದಿದೆ."