ಬೆಣ್ಣೆಯ ಮೇಲೆ ಹಲ್ಲಿನ ಗುರುತು

“ಅಮ್ಮಾ, ನನ್ನ ಹಲ್ಸೆಟ್ ಯಾರೋ ಕದ್ದಿದಾರೆ!”

“ನಿಂಗ್ಯಾವಾಗಿಂದ ಹಲ್ಸೆಟ್ಟು?”

“ಪರೀಕ್ಷೆದು ಕಣಮ್ಮಾ! ನಾಳೆ ಮೇಡಂಗೆ ತೋರಿಸ್ಬೇಕು. ಇಲ್ಲಾಂದ್ರೆ ಒಳಗೇ ಬಿಡಲ್ಲ!”

ಅಕ್ಕ, ಮನೆಯ ಹಿರಿಮಗಳು, ಓದುತ್ತಿದ್ದದ್ದು ಹಲ್ಲಿನ ಡಾಕ್ಟರಿಕೆ. ಮೇಣದ ಒಸಡು ಮಾಡಿ, ಒಂದೊಂದೇ ಹಲ್ಲು ಕೂರಿಸಿ, ವಾರಗಟ್ಟಲೆ ನಿದ್ದೆಗೆಟ್ಟಿದ್ದಳು. ಸ್ನಾನಕ್ಕೆ ಹೋದಾಗ ಅದು ಅವಳ ಕೋಣೆಯ ಮೇಜಿನ ಮೇಲಿತ್ತು. ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಮಾಯ. ಮುಂಬಾಗಿಲಿಗೆ ಚಿಲಕ ಹಾಕಿಯೇ ಇತ್ತು. ಅಂದರೆ ಕಳ್ಳರು ಮನೆಯೊಳಗೇ ಇದ್ದಾರೆ.

*

ಮೊದಲ ಅನುಮಾನ ತಾತನ ಮೇಲೆ. “ನಂದು ಲೊಡಲೊಡ ಅನ್ನುತ್ತೆ, ನಿಂದು ಕೊಡೇ” ಎಂದು ನಿನ್ನೆ ತಾನೇ ರೇಗಿಸಿದ್ದರು.

“ತಾತಾ, ಆ... ಅನ್ನಿ.”

“ಫೀಸೆಷ್ಟು ಡಾಕ್ಟ್ರೇ?”

ಬಾಯಲ್ಲಿ ಅದೇ ಹಳೆಯ ಸೆಟ್. ಮುಂದಿನ ಹಲ್ಲಿನ ಚೂರು ಹಾರಿದ್ದು.

“ಅಮ್ಮಾ, ಮೇಜು ಒರೆಸ್ವಾಗ ಕಸಕ್ಕೆ ಹಾಕಿದ್ಯಾ?”

“ನಿನ್ನ ರೂಮಲ್ಲಿ ಕಾಲಿಡಕ್ಕೇ ಜಾಗ ಇಲ್ಲ, ಒರೆಸೋದೆಲ್ಲಿ?”

ಆದರೂ ಅಕ್ಕ ಕಸದ ಬುಟ್ಟಿ ಮಗುಚಿದಳು. ಈರುಳ್ಳಿ ಸಿಪ್ಪೆ. ಟೀ ಚರಟ. ಹಲ್ಲಿಲ್ಲ.

ಊಟದ ಮೇಜಿನ ಮುಂದೆ ಕುಸಿದು ಕೂತಳು. ಕಣ್ಣು ತುಂಬಿತು. ಎದುರಿಗೆ ಬೆಣ್ಣೆಯ ಡಬ್ಬಿ ತೆರೆದಿತ್ತು. ಬೆಣ್ಣೆಯ ಮೇಲೆ ಹಲ್ಲಿನ ಗುರುತು.

ಬಗ್ಗಿ ನೋಡಿದಳು. ತಟ್ಟನೆ ಎದ್ದಳು.

“ಎಲ್ರೂ ಬನ್ನಿ ಇಲ್ಲಿ!”

*

ತಾತ ಬಂದರು. ಅಮ್ಮ ಬಂದಳು. ಕೊನೆಗೆ ಒಂದನೇ ಕ್ಲಾಸಿನ ತಂಗಿ ಚಿಲ್ಟು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು.

“ಈ ಗುರುತು ನೋಡಿ. ಅಮ್ಮಂದು ಕೋರೆಹಲ್ಲು ವಕ್ರ. ತಾತಂದು ಚೂರು ಹಾರಿದೆ. ಚಿಲ್ಟುಗೆ ಮುಂದಿನ ಎರಡು ಇಲ್ವೇ ಇಲ್ಲ. ನಾನು ಸ್ನಾನದ ಮನೇಲಿದ್ದೆ. ಗೆರೆ ಎಳೆದಷ್ಟು ನೆಟ್ಟಗಿರೋದು ನಾನು ಜೋಡಿಸಿದ ಹಲ್ಲು ಮಾತ್ರ!”

“ಹಲ್ಸೆಟ್ಟೇ ನಡ್ಕೊಂಡು ಬಂದು ಬೆಣ್ಣೆ ತಿಂತಾ?” ಎಂದರು ತಾತ.

“ಯಾರೋ ತಿನ್ಸಿದಾರೆ ತಾತಾ. ಆಮೇಲೆ ಬಚ್ಚಿಟ್ಟಿದಾರೆ. ಮೇಣ ಕರಗುತ್ತೆ, ತಣ್ಣಗಿರ್ಬೇಕು, ಬಿಸಿಲಿಗೆ ತರ್ಬೇಡ ಅಂತ ನಾನು ದಿನಾ ಕಿರುಚೋದು ಯಾರ ಮೇಲೆ?”

ಫ್ರಿಜ್ ತೆರೆದಳು. ಟೊಮೆಟೊ ಹಿಂದೆ ಚಿಲ್ಟುವಿನ ತಿಂಡಿ ಡಬ್ಬಿ. ಒಳಗೆ, ಮಡಿಸಿದ ಕರ್ಚೀಫಿನ ಮೇಲೆ, ಹಲ್ಸೆಟ್. ಒಂದು ಹಲ್ಲೂ ಅಲುಗಿರಲಿಲ್ಲ.

ಅಕ್ಕನಿಗೆ ಹೋದ ಜೀವ ಬಂದಂತಾಯಿತು.

“ಯಾಕೇ, ಕೋತಿ?”

“ಸ್ಕೂಲಲ್ಲಿ ಎಲ್ಲಾ ಬೊಚ್ಚುಬಾಯಿ ಅಂತಾರೆ. ಹಾಕ್ಕೊಂಡು ಹೋಗೋಣಾಂತ... ಕಚ್ಚುತ್ತಾ ಅಂತ ನೋಡ್ದೆ. ಬಿಸ್ಕತ್ತು ಗಟ್ಟಿ, ಹಲ್ಲು ಕಿತ್ಬರುತ್ತೆ. ಅದಕ್ಕೇ ಬೆಣ್ಣೆ.”

ಅಮ್ಮ ಗದರಲು ಬಾಯಿ ತೆರೆದಳು. ಬಂದದ್ದು ನಗು.

“ಅದು ನಿನ್ನ ಬಾಯಿಗೆ ಹಿಡಿಸಲ್ಲ ಕಣೇ,” ಅಕ್ಕ ತಂಗಿಯ ಗಲ್ಲ ಹಿಡಿದಳು. “ನಿಂದೇ ಹೊಸದು ಬರ್ತಿದ್ಯಾ ನೋಡೋಣ. ನಾಳೆ ಸ್ಕೂಲ್ ಬಿಟ್ಟ ತಕ್ಷಣ ಅಮ್ಮನ ಜೊತೆ ನಮ್ಮ ಕಾಲೇಜಿಗೆ ಬಾ. ಮೇಲೆ ಕೆಳಗೆ ಹೋಗೋ ಕುರ್ಚಿ ಇದೆ. ಪರೀಕ್ಷೆ ಮುಗಿಸ್ಕೊಂಡು ಗೇಟ್ ಹತ್ರ ಕಾಯ್ತಿರ್ತೀನಿ.”

“ನಂಗೂ ಕುರ್ಚಿ ಉಂಟೇನಮ್ಮಾ?” ಎಂದರು ತಾತ, ಲೊಡಲೊಡ ಸದ್ದಿನ ನಡುವೆ.

“ನೀವೂ ಬನ್ನಿ ತಾತಾ. ಆದ್ರೆ ಮೊದಲು ಚಿಲ್ಟು ಸರದಿ.”