ನಾಲ್ಕನೇ ಹಾಳೆ

"ಎಷ್ಟು ಜನ?" ತಲೆ ಎತ್ತದೇ ಕೇಳಿದ ಅವನು.

"ಒಬ್ಬಳೇ."

"ಜೊತೆಗೆ..."

"ಒಬ್ಬಳೇ ಅಂದ್ನಲ್ಲ! ಹೆಂಗಸು ಒಬ್ಬಳೇ ಹೊರಟರೆ ಯಾಕ್ರೀ ಎಲ್ಲರಿಗೂ ಇಷ್ಟು ಕಷ್ಟ?"

ಪ್ರವಾಸದ ಆಫೀಸಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅವಳ ಕಿವಿ ಬಿಸಿಯಾಯಿತು. ಅಯ್ಯೋ, ಕಾಲಿಟ್ಟ ಮೊದಲನೇ ನಿಮಿಷದಲ್ಲೇ ಜಗಳ!

ಅವನು ಈಗ ತಲೆ ಎತ್ತಿದ. ಕಣ್ಣಲ್ಲಿ ನಗು ಇತ್ತು. "ಜೊತೆಗೆ ಸಾಮಾನೆಷ್ಟು ಅಂತ ಕೇಳೋಕೆ ಹೊರಟಿದ್ದೆ, ಅಷ್ಟೇ. ಕೂತ್ಕೊಳ್ಳಿ."

ಅವಳ ಕೋಪಕ್ಕೂ ಕಾರಣ ಇತ್ತು ಬಿಡಿ. ವಯಸ್ಸು ಮೂವತ್ತೆರಡು. ಅಣ್ಣನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದ ಕೈ. ಆದರೆ ಮನೆಯಲ್ಲಿ ಮಾತ್ರ ಇನ್ನೂ 'ಪುಟ್ಟಿ'! ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಾದರೆ ಅಣ್ಣ ಬರಬೇಕು, ಚಪ್ಪಲಿ ಕೊಳ್ಳಬೇಕಾದರೆ ಅತ್ತಿಗೆ. ಇಪ್ಪತ್ತೊಂದು ದಿನ ಒಬ್ಬಳೇ ಹೋಗ್ತೀನಿ, ಮೂರು ಹಳೇ ಪಟ್ಟಣ ನೋಡ್ತೀನಿ, ನಡುವಿನ ಹುಲ್ಲುಬಯಲನ್ನ ಮೂರು ದಿನ ನಡೆದೇ ದಾಟ್ತೀನಿ ಅಂದಾಗ ಅಣ್ಣ ಅವಳ ತಲೆ ಸವರಿದ್ದ.

"ನಿನ್ನ ಕೈಲಿ ಆಗಲ್ಲಮ್ಮ, ಪುಟ್ಟಿ."

ಬೈದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ. ಅಷ್ಟು ಪ್ರೀತಿಯಿಂದ ಹೇಳಿದ್ದೇ ಎದೆಗೆ ಚುಚ್ಚಿತ್ತು. ಈ ಸಲ ಆಗಲಿಲ್ಲ ಅಂದರೆ ಇನ್ನು ಸಾಯುವವರೆಗೂ ನಾನು ಪುಟ್ಟಿನೇ, ಅಂತ ಅವಳಿಗೆ ಗೊತ್ತಿತ್ತು.

ಪ್ರವಾಸದ ಆಫೀಸಿನ ಅವನನ್ನ ಊರವರೆಲ್ಲ ಕರೆಯುತ್ತಿದ್ದುದು 'ದಾರಿ ಮೇಷ್ಟ್ರು' ಅಂತ. ಪ್ರವಾಸಕ್ಕೆ ಹೊರಟವರಿಗೆಲ್ಲ ಕೈಯಲ್ಲೇ ದಾರಿ ಬರೆದುಕೊಡುತ್ತಿದ್ದ, ಮೂರು ದಿನಕ್ಕೊಂದು ಉದ್ದನೆಯ ಹಾಳೆ. ಎಲ್ಲಿ ತಿರುಗಬೇಕು, ಎಲ್ಲಿ ನೀರು ಸಿಗುತ್ತೆ, ಯಾವ ವಸತಿಗೃಹದ ಮೆಟ್ಟಿಲು ಕಡಿದು, ಎಲ್ಲವೂ ಅದರಲ್ಲಿರುತ್ತಿತ್ತು. ಮೇಜಿನ ಹಿಂದೆ ಒಂದು ಬೋರ್ಡು: 'ನಾನು ನಡೆಯದ ದಾರಿಯನ್ನು ಬರೆದುಕೊಡುವುದಿಲ್ಲ.'

ಆರು ವಾರ, ದಿನಾ ಸಂಜೆ ಅಂಗಡಿ ಮುಚ್ಚಿದ ಮೇಲೆ ಅವಳು ಅಲ್ಲಿಗೆ ಹೋದಳು. ಅವನು ಒಮ್ಮೆಯೂ 'ಹುಷಾರು' ಅನ್ನಲಿಲ್ಲ!

"ನಾಯಿ ಅಟ್ಟಿಸಿಕೊಂಡು ಬಂದ್ರೆ?" ಅಂತ ಒಂದು ಸಂಜೆ ಕೇಳಿದಳು.

"ನಿಂತ್ಕೊಂಡು ಬೈಯಿರಿ. ಮೊದಲ ದಿನ ನನಗೆ ಬೈದ್ರಲ್ಲ, ಅಷ್ಟು ಸಾಕು. ಆ ನಾಯಿ ಊರೇ ಬಿಡತ್ತೆ."

ಅವಳು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಮನೆಗೆ ಬಂದ ಮೇಲೂ ಸುಮ್ಮಸುಮ್ಮನೆ ನಗು. 'ಇವನೊಬ್ಬ ನನ್ನನ್ನ ನಂಬ್ತಾನೆ...' ಅಂದುಕೊಂಡಾಗ ಯಾಕೋ ಕಣ್ಣು ತುಂಬಿತು. ಪ್ರೀತಿ ಅಂತ ಹೆಸರಿಡಲು ಅವಳಿಗೇ ಭಯವಾಯಿತು.

ಹೊರಡಲು ಎರಡು ದಿನ ಇರುವಾಗ ಏಳು ಹಾಳೆ ಕೈಗೆ ಬಂದವು. ನಾಲ್ಕನೆಯದನ್ನು ಬಿಚ್ಚಿದವಳು ಹಾಗೇ ನಿಂತಳು.

"ಇಲ್ಲಿ ಹುಲ್ಲುಬಯಲು ಎಲ್ಲಿ? ಬಸ್ ಅಂತ ಬರೆದಿದ್ದೀರಲ್ಲ! ಸುತ್ತಿ ಹೋಗೋ ಬಸ್ಸು!"

"ಅದು... ಬಸ್ಸೇ ಒಳ್ಳೇದು."

"ಯಾಕೆ? ನನ್ನ ಕೈಲಿ ಆಗಲ್ಲ ಅಂತಾನಾ?"

'ಇಲ್ಲ' ಅಂತ ಒಂದು ಮಾತು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು ಹೇಳಿ? ಕಲ್ಲಿನ ಹಾಗೆ ಕೂತುಬಿಟ್ಟ ಪುಣ್ಯಾತ್ಮ.

"ನೀವೂ ಅಷ್ಟೇ..." ಅವಳು ಕಣ್ಣೊರೆಸಿಕೊಂಡಳು. "ನೀವೂ ನಮ್ಮಣ್ಣನ ಹಾಗೇ!"

ನಾಲ್ಕನೇ ಹಾಳೆಯನ್ನ ಮೇಜಿನ ಮೇಲೇ ಬಿಟ್ಟು, ಉಳಿದ ಆರನ್ನ ಎತ್ತಿಕೊಂಡು ಹೊರಟೇಹೋದಳು.

ಮೊದಲ ಪಟ್ಟಣದ ಗಲ್ಲಿಗಳಲ್ಲಿ ಎರಡು ಸಲ ದಾರಿ ತಪ್ಪಿದಳು. ಹೋಟೆಲಿನಲ್ಲಿ ಒಬ್ಬಳೇ ಕೂತು, ಯಾರನ್ನೂ ಕೇಳದೆ, ತನಗೆ ಬೇಕಾದ್ದನ್ನೇ ತರಿಸಿಕೊಂಡು ತಿಂದಳು. ಜನ್ಮದಲ್ಲಿ ಮೊದಲ ಸಲ! ಎರಡನೇ ಪಟ್ಟಣದ ಕೋಟೆಗೋಡೆಯ ಮೇಲೆ ಪೂರ್ತಿ ಒಂದು ಸುತ್ತು ನಡೆದಳು. ಹತ್ತನೇ ದಿನ ಬಸ್ಸು ಬಂದು ನಿಂತಿತು. ಅವಳು ಹತ್ತಲಿಲ್ಲ.

ಬಯಲಿನ ಅಂಚಿನಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜಿಯನ್ನು ದಾರಿ ಕೇಳಿದಳು.

"ಬೆಟ್ಟ ಎಡಗಡೆಗೇ ಇರ್ಲಿ ಮಗಳೇ. ದಾರಿಯಲ್ಲಿ ಕುರುಬರ ಕಲ್ಲುಗುಡಿಸಲು ಎರಡಿವೆ, ರಾತ್ರಿಗೆ ಅಲ್ಲಿ ಮಲ್ಕೋ. ಮಂಜು ಬಂದ್ರೆ ಕೂತ್ಕೊಂಡುಬಿಡು. ಓಡಿದ್ರೆ ಕೆಟ್ಟೆ."

ಎರಡನೇ ದಿನ ಮಂಜು ಬಂದೇಬಂತು. ಬೆಟ್ಟ ಹೋಯಿತು, ಹುಲ್ಲು ಹೋಯಿತು, ಕೊನೆಗೆ ತನ್ನ ಶೂ ಕೂಡ ಕಾಣಲಿಲ್ಲ. ಒಂದು ಬಂಡೆ ಹಿಡಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ಅಣ್ಣಾ..." ಅಂತ ಬಾಯಿಗೆ ಬಂತು.

'ಅಣ್ಣ ಇಲ್ಲಿಲ್ಲ. ನಾನಿದ್ದೀನಲ್ಲ!'

ಎರಡು ಗಂಟೆ ಕೂತಳು. ಮಂಜು ಕರಗಿತು. ಬೆಟ್ಟ ಎಡಗಡೆಗೇ ಇತ್ತು. ಮೂರನೇ ದಿನ ಸಂಜೆ ಆಚೆ ಕಡೆಯ ಹಳ್ಳಿಯ ಮೊದಲ ಮನೆ ಕಂಡಾಗ ಅವಳು ಹಾಕಿದ ಕೂಗಿಗೆ ಕೊಟ್ಟಿಗೆಯ ದನಗಳೆಲ್ಲ ಎದ್ದು ನಿಂತವಂತೆ!

ಊರಿಗೆ ವಾಪಸ್ ಬಂದ ದಿನ ಅಣ್ಣ ಬಿಸಿಲಿಗೆ ಸಿಪ್ಪೆ ಎದ್ದ ಅವಳ ಮೂಗನ್ನೇ ನೋಡುತ್ತ ನಿಂತ. "ಬಯಲು ದಾಟಿದ್ಯಾ? ಒಬ್ಬಳೇನಾ?" ಅಂದ. ಆಮೇಲೆ ಮೆಲ್ಲಗೆ, "ನನಗಂತೂ ಆಗ್ತಿರಲಿಲ್ಲಮ್ಮ," ಅಂದ.

ಅಲ್ಲಿಂದ ಸೀದಾ ಪ್ರವಾಸದ ಆಫೀಸಿಗೆ ಹೋದಳು. ತಾನೇ ಬರೆದ ಹಾಳೆಯನ್ನ ಅವನ ಮುಂದೆ ಇಟ್ಟಳು.

"ತಗೊಳ್ಳಿ. ನಾಲ್ಕನೇದು. ನನ್ನ ಕೈಲಿ ಆಯ್ತು."

ಅವನು ಸಾಲು ಸಾಲಾಗಿ ಓದಿದ. 'ಎರಡನೇ ದಿನ ಮಂಜು. ಕೂತ್ಕೊಳ್ಳಿ. ಅಳು ಬಂದರೆ ಅಳಿ' ಅನ್ನುವಲ್ಲಿಗೆ ಬಂದಾಗ ಆ ಸಾಲನ್ನ ಮತ್ತೊಮ್ಮೆ ಓದಿದ.

"ನಿಮ್ಮ ಕೈಲಿ ಆಗತ್ತೆ ಅಂತ ಮೊದಲ ದಿನವೇ ಗೊತ್ತಿತ್ತು ನನಗೆ," ಅಂದ. "ಆ ಬಯಲನ್ನ ನಾನು ನಡೆದು ದಾಟೇ ಇಲ್ಲ. ಹತ್ತು ವರ್ಷದ ಹಿಂದೆ ಹೋಗಿದ್ದೆ. ಮಂಜು ಬಂತು. ಹೆದರಿ ಓಡಿ ಬಂದುಬಿಟ್ಟೆ. ಅಲ್ಲಿಗೆ ಹೋಗ್ತೀನಿ ಅಂದವರಿಗೆಲ್ಲ ಬಸ್ಸೇ ಬರೆದುಕೊಟ್ಟೆ. ಯಾರೂ ಯಾಕೆ ಅಂತ ಕೇಳಲಿಲ್ಲ... ನೀವು ಕೇಳಿದ್ರಿ. ಆ ಬೋರ್ಡಿನ ಕೆಳಗೆ ಕೂತು, ನಿಮ್ಮ ಮುಂದೆ, ಹೇಗೆ ಹೇಳ್ಲಿ?"

ಅವಳಿಗೆ ನಗು, ಕೋಪ, ಅಳು ಎಲ್ಲ ಒಟ್ಟಿಗೇ ಬಂದವು. "ಇಷ್ಟೇನಾ? ಇಷ್ಟಕ್ಕೆ ನನ್ನನ್ನ ಅಷ್ಟು ಅಳಿಸಿದ್ರಾ?"

"ಇನ್ನೊಂದೂ ಇದೆ. ನಿಮ್ಮನ್ನ ಪ್ರೀತಿಸ್ತೀನಿ."

ಅವಳಿಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಆದರೂ ಬ್ಯಾಗು ಹೆಗಲಿಗೇರಿಸಿದಳು, ಹಠಮಾರಿ!

"ಉತ್ತರ ಇಲ್ಲಿ ಕೊಡಲ್ಲ. ಆ ಬಯಲಿನ ಆಚೆ ಕಡೆ ಕೊಡ್ತೀನಿ."

"ಹಾಗಾದ್ರೆ ಇಬ್ಬರೂ ಒಟ್ಟಿಗೆ..."

"ಒಟ್ಟಿಗೆ ಆಮೇಲೆ. ಮೊದಲು ನೀವೊಬ್ಬರೇ ಹೋಗಿ."

ಮುಂದಿನ ತಿಂಗಳು ಅವನು ಅವಳ ಹಾಳೆ ಹಿಡಿದು ಹೊರಟ. ಅವಳು ಸುತ್ತುದಾರಿಯ ಬಸ್ಸು ಹಿಡಿದು ಆಚೆ ಹಳ್ಳಿಯಲ್ಲಿ ಇಳಿದಳು. ಮೂರನೇ ದಿನ ಸಂಜೆ ಇಳಿಯತೊಡಗಿದರೂ ಬಯಲಿನಲ್ಲಿ ಯಾರೂ ಇಲ್ಲ. 'ದೇವರೇ, ನಾನ್ಯಾಕೆ ಕಳಿಸಿದೆ...' ಅಂತ ಉಗುರು ಕಚ್ಚಿದಳು. ಬೇರೆಯವರಿಗಾಗಿ ಹೆದರುವುದು ಎಷ್ಟು ಕಷ್ಟ ಅಂತ ಗೊತ್ತಾಗಿ, ಅಣ್ಣನ ಮೇಲೆ ಮೊದಲ ಬಾರಿ ಕರುಣೆ ಹುಟ್ಟಿತು.

ಆಗ ಕಂಡ. ಕುಂಟುತ್ತ, ಮೊಣಕಾಲವರೆಗೆ ಕೆಸರು, ಮುಖದ ತುಂಬ ನಗು!

"ಮಂಜು ಬಂತಾ?" ಅವಳು ಓಡಿಹೋಗಿ ಕೇಳಿದಳು.

"ಬಂತು. ಕೂತೆ."

"ಅತ್ರಾ?"

"ಚೆನ್ನಾಗಿ ಅತ್ತೆ." ಅವನು ಉಸಿರು ಎಳೆದುಕೊಂಡ. "ದಾಟಿದೆ. ಈಗ ಉತ್ತರ?"

"ಪ್ರೀತಿಸ್ತೀನಿ ಕಣ್ರೀ! ಬಸ್ಸು ಬರೆದುಕೊಟ್ಟ ದಿನವೂ ಪ್ರೀತಿಸ್ತಿದ್ದೆ. ಅದಕ್ಕೇ ಅಷ್ಟು ಕೋಪ ಬಂದಿದ್ದು!"

ಅವನು ಹುಲ್ಲಿನ ಮೇಲೆ ದೊಪ್ಪನೆ ಕೂತುಬಿಟ್ಟ.

"ಅಯ್ಯೋ, ಏನಾಯ್ತು?"

"ಏನಿಲ್ಲ... ಇನ್ನು ನಿಲ್ಲೋಕಾಗ್ತಿಲ್ಲ."

"ಕೈ ಕೊಡಿ, ಎಬ್ಬಿಸ್ತೀನಿ."

ಅವನು ಕೈ ಕೊಟ್ಟ, ಆದರೆ ಏಳಲಿಲ್ಲ. "ಸ್ವಲ್ಪ ಹೊತ್ತು ನೀವೇ ಕೂತ್ಕೊಳ್ಳಿ."

ಅವಳು ಕೂತಳು.